ಹಳೆಯ ಕಾರಿನ ಚಳಿಗೆ ಮದ್ದು

ಕೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದವರ ಗಾದೆ ನಮ್ಮ ವಾಚಕರಿಗೆ ಗೊತ್ತೇ ಇದೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಹಳೆಯ ಮೋರಿಸ್ ಮೈನರ್ ಕಾರನ್ನು ಓಡಿಸುವ ಅನೇಕರ ಪಾಡು ಇದಕ್ಕಿಂತ ಬೇರೆಯಲ್ಲ. ಮುಂದುಗಡೆ, ಒಂದು ಉಕ್ಕಿನ ತಗಡಿನ ಆಚೆಗೆ, ಎಂಜಿನ್ನು ಒಲೆಯಂತೆ ಕಾಯುತ್ತಿರುತ್ತದೆ. ಈಚೆ ಕುಳಿತವರ ಪಾದಗಳು ಮರಗಟ್ಟಿರುತ್ತವೆ. ಹೀಟರಿನ ಗುಂಡಿಯನ್ನು ಎಷ್ಟು ತಿರುವಿದರೂ ಬರುವುದು ಸದ್ದೇ ಹೊರತು ಶಾಖವಲ್ಲ. “ಈ ಹೀಟರೇ ಕೆಲಸಕ್ಕೆ ಬಾರದ್ದು, ದೊಡ್ಡದೊಂದನ್ನು ತಂದು ಹಾಕೋಣ” ಎಂದು ಯಜಮಾನರು ಹಣದ ಚೀಲಕ್ಕೆ ಕೈಹಾಕುತ್ತಾರೆ. ಸ್ವಲ್ಪ ತಡೆಯಿರಿ ಎಂದು ಅವರಿಗೆ ಹೇಳುವುದೇ ಈ ವಾರದ ಉದ್ದೇಶ.

ಮೋರಿಸ್ ಮೈನರ್ ನಮಗೆ ತೀರ ಅಪರಿಚಿತವಾದ ಕಾರೇನಲ್ಲ. ಅಲೆಕ್ ಇಸಿಗೋನಿಸ್ ಎಂಬ ವಿನ್ಯಾಸಕಾರನ ಕೈಯಲ್ಲಿ ರೂಪುಗೊಂಡು 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ದುಂಡುಮೈಯ ಕಾರು, 1950ರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಿಂದ ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಲ್ಲಿ ನಮ್ಮ ದೇಶದ ರಸ್ತೆಗೂ ಇಳಿದಿತ್ತು. ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರೆಂಬ ಕೀರ್ತಿ ಇದರದು. ತಯಾರಿಕೆ ನಿಂತು ಅರ್ಧ ಶತಮಾನ ಕಳೆದರೂ ಬ್ರಿಟನ್ನಿನಲ್ಲಿ ಇಂದಿಗೂ ಇದನ್ನು ಮಕ್ಕಳಂತೆ ಸಾಕುವವರಿದ್ದಾರೆ.

ಇಂಥ ಕಾರಿಗೆ ಹೀಟರು ಹುಟ್ಟಿನಿಂದ ಬಂದ ಅಂಗವಲ್ಲ. ಮೊದಲ ಮಾದರಿಯ ಎಂಜಿನ್ನಿಗೆ ನೀರಿನ ಪಂಪೇ ಇರಲಿಲ್ಲ. ಬಿಸಿನೀರು ಹಗುರಾಗಿ ಮೇಲೇರುವುದು, ತಣ್ಣೀರು ಭಾರವಾಗಿ ಕೆಳಗಿಳಿಯುವುದು, ಇಷ್ಟರಿಂದಲೇ ನೀರು ತನ್ನಷ್ಟಕ್ಕೆ ಸುತ್ತುತ್ತಿತ್ತು. ಹೀಟರಿನ ಸಣ್ಣ ಕೊಳವೆಗಳೊಳಗೆ ನೀರನ್ನು ನೂಕಲು ಈ ಬಲ ಸಾಲದು. 1950ರಲ್ಲಿ ಪಂಪು ಬಂದ ಬಳಿಕವೇ, ಬೇಕಾದವರು ಬೇರೆ ಹಣ ತೆತ್ತು ಹೀಟರನ್ನು ಹಾಕಿಸಿಕೊಳ್ಳಬಹುದಾಯಿತು. ಆದರೂ ಅದು ದುರ್ಬಲವೆಂಬ ದೂರು ತಪ್ಪಲಿಲ್ಲ.

ಹಾಗಾದರೆ ಎಂಜಿನ್ನಿನಲ್ಲಿ ಶಾಖವೇ ಕಡಿಮೆಯೆ? ಲೆಕ್ಕ ಹಾಕಿ ನೋಡೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಾಗುವ ಇಂಥ ಕಾರು ಒಂದು ಗಂಟೆಗೆ ಸುಮಾರು ನಾಲ್ಕು ಲೀಟರು ಪೆಟ್ರೋಲು ಸುಡುತ್ತದೆಂದು ಇಟ್ಟುಕೊಳ್ಳಿ. ಅದರಲ್ಲಿರುವ ಶಕ್ತಿ 36 ಕಿಲೋವಾಟಿಗೆ ಸಮ. ಚಕ್ರ ತಿರುಗಿಸಲು ಒದಗುವುದು ಇದರ ಕಾಲು ಭಾಗ ಮಾತ್ರ. ಮಿಕ್ಕದ್ದರಲ್ಲಿ ಒಂದು ದೊಡ್ಡ ಪಾಲು ಹೊಗೆಕೊಳವೆಯಿಂದ ಹೊರಟುಹೋಗುತ್ತದೆ. ಮೂರನೆಯ ಒಂದರಷ್ಟು, ಎಂದರೆ ಸುಮಾರು 12 ಕಿಲೋವಾಟು, ಎಂಜಿನ್ನನ್ನು ಬಳಸಿ ಹರಿಯುವ ನೀರಿಗೆ ಸೇರುತ್ತದೆ. ಮನೆಯ ಕೋಣೆಯಲ್ಲಿಡುವ ವಿದ್ಯುತ್ ಹೀಟರಿಗೆ ಒಂದೆರಡು ಕಿಲೋವಾಟು ಸಾಕು. ಹನ್ನೆರಡನ್ನು ಗಾಳಿಗೆ ಚೆಲ್ಲುತ್ತ ನಾವು ನಡುಗುತ್ತಿದ್ದೇವೆ!

ಕೆಲವರು ವಿದ್ಯುತ್ ಹೀಟರನ್ನೇ ಕಾರಿಗೆ ಜೋಡಿಸುವ ಯೋಚನೆ ಮಾಡುವುದುಂಟು. ಈ ಕಾಲದ ಕಾರುಗಳ ಡೈನಮೋ ಕೊಡುವುದು ಸುಮಾರು 20 ಆಂಪಿಯರು. ಹನ್ನೆರಡು ವೋಲ್ಟಿನಿಂದ ಗುಣಿಸಿದರೆ 240 ವಾಟು. ಅದರಲ್ಲಿ ಮುಂದಿನ ದೀಪಗಳೇ ನೂರರ ಹತ್ತಿರ ನುಂಗುತ್ತವೆ. ಒಂದು ಕಿಲೋವಾಟಿನ ಹೀಟರಿಗೆ 80 ಆಂಪಿಯರಿಗೂ ಮಿಕ್ಕು ಬೇಕು. ಆದುದರಿಂದ ಆ ದಾರಿ ಮುಚ್ಚಿದಂತೆಯೇ. ಉಳಿದದ್ದು ಒಂದೇ: ಇರುವ ಶಾಖ ಎಂಜಿನ್ನಿನಿಂದ ನಮ್ಮವರೆಗೆ ಬರುವ ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತಿದೆಯೆಂದು ಹುಡುಕುವುದು.

ಹುಡುಕಲು ದೊಡ್ಡ ಉಪಕರಣವೇನೂ ಬೇಡ, ಅಂಗೈ ಸಾಕು. ಕಾಲು ಗಂಟೆ ಕಾರನ್ನೋಡಿಸಿ ನಿಲ್ಲಿಸಿರಿ. ಎಂಜಿನ್ನನ್ನು ಆರಿಸಿದ ಮೇಲೆಯೇ ಮುಂದಿನ ಮುಚ್ಚಳ ತೆರೆಯಿರಿ. ತಿರುಗುವ ಬೀಸಣಿಗೆಯ ಬಳಿ ಕೈ ತೂರಿಸಬಾರದು. ಹೀಟರಿಗೆ ಹೋಗುವ ಹಾಗೂ ಅದರಿಂದ ಮರಳುವ ಎರಡು ರಬ್ಬರು ಕೊಳವೆಗಳನ್ನು ಮೆಲ್ಲನೆ ಮುಟ್ಟಿ ನೋಡಿರಿ. ಎರಡೂ ಬರಿಯ ಉಗುರುಬೆಚ್ಚಗಿದ್ದರೆ ಎಂಜಿನ್ನೇ ಕಾದಿಲ್ಲವೆಂದರ್ಥ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ನೀರಿನ ಹರಿವಿಗೆ ಎಲ್ಲಿಯೋ ತಡೆಯಿದೆ. ಎರಡೂ ಚೆನ್ನಾಗಿ ಬಿಸಿಯಾಗಿದ್ದರೆ ನೀರಿನದು ತಪ್ಪಲ್ಲ, ದೋಷ ಗಾಳಿಯ ದಾರಿಯಲ್ಲಿದೆ. ವೈದ್ಯರು ನಾಡಿ ಹಿಡಿದಂತೆ ಈ ಪರೀಕ್ಷೆ.

ಎಂಜಿನ್ನು ಕಾಯದಿರುವುದಕ್ಕೆ ಬಹುಮಟ್ಟಿಗೆ ಥರ್ಮೋಸ್ಟಾಟೇ ಕಾರಣ. ನೀರು ಸಾಕಷ್ಟು ಕಾಯುವವರೆಗೆ ರೇಡಿಯೇಟರಿನ ಬಾಗಿಲನ್ನು ಮುಚ್ಚಿಟ್ಟಿರುವ ಪುಟ್ಟ ಕಾವಲುಗಾರ ಅದು. ಬಾಗಿಲು ತೆರೆದಂತೆಯೇ ಸಿಕ್ಕಿಕೊಂಡರೆ ನೀರು ಕಾಯುವ ಮೊದಲೇ ತಣಿಯುತ್ತದೆ. ಬಿಸಿಲಿನ ನಾಡುಗಳಲ್ಲಿ ‘ಇದು ಇಲ್ಲದಿದ್ದರೇ ಎಂಜಿನ್ನಿಗೆ ತಂಪು’ ಎಂದು ಅದನ್ನು ಕಿತ್ತೆಸೆಯುವ ಮೆಕ್ಯಾನಿಕರೂ ಇದ್ದಾರೆ. ನಮ್ಮ ಕಡೆಯೂ ಈ ಅಭ್ಯಾಸ ಅಪರೂಪವಲ್ಲ. ತಂಪಾದ ಎಂಜಿನ್ನು ಹೆಚ್ಚು ಪೆಟ್ರೋಲು ಕುಡಿದು ಬೇಗ ಸವೆಯುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಥರ್ಮೋಸ್ಟಾಟನ್ನು ಪರೀಕ್ಷಿಸಲು ಅಡಿಗೆಮನೆಯೇ ಪ್ರಯೋಗಶಾಲೆ: ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಉಷ್ಣಮಾಪಕವಿಟ್ಟು ಒಲೆಯ ಮೇಲೆ ಕಾಯಿಸಿರಿ. ಎಷ್ಟು ಡಿಗ್ರಿಗೆ ಬಾಯಿ ಬಿಡುತ್ತದೆಂದು ಕಣ್ಣಾರೆ ಕಾಣಬಹುದು. ಮೈನರಿನ ಬಗೆಯ ಎಂಜಿನ್ನುಗಳಿಗೆ 74, 82, 88 ಡಿಗ್ರಿ ಸೆಲ್ಸಿಯಸ್ಸಿನವು ದೊರೆಯುತ್ತವೆ. ಚಳಿಗಾಲಕ್ಕೆ 88ರದು ಉಚಿತ. ಅತ್ಯಲ್ಪ ಖರ್ಚಿನಲ್ಲಿ ಅತಿ ಹೆಚ್ಚು ಬೆಚ್ಚಗೆ ತರುವ ಉಪಾಯ ಇದೇ.

ನೀರಿಗೆ ತಡೆಯಿದ್ದಲ್ಲಿ ಮೊದಲು ನೋಡಬೇಕಾದದ್ದು ಸಿಲಿಂಡರ್ ಹೆಡ್ಡಿನ ಮೇಲಿರುವ ಹೀಟರಿನ ಕೊಳಾಯಿಯನ್ನು. ವರ್ಷಗಟ್ಟಲೆ ತಿರುಗಿಸದೆ ಅದು ಅರ್ಧಕ್ಕೇ ಕಚ್ಚಿಕೊಂಡಿರಬಹುದು. ಎರಡನೆಯದು ಕೆಸರು. ಎರಕದ ಕಬ್ಬಿಣದ ಎಂಜಿನ್ನಿನ ಒಡಲಲ್ಲಿ ಹಲವು ದಶಕಗಳ ತುಕ್ಕು, ಸುಣ್ಣ ಸೇರಿ ಕಂದು ರಾಡಿಯಾಗಿ, ಹೀಟರಿನೊಳಗಿನ ಪುಟ್ಟ ರೇಡಿಯೇಟರಿನಲ್ಲಿ ಹೋಗಿ ಕೂತಿರುತ್ತದೆ. ಕೊಳವೆಗಳೆರಡನ್ನೂ ಕಳಚಿ, ನೀರು ಹೊರಬರುವ ಬಾಯಿಯಿಂದ ಶುದ್ಧ ನೀರನ್ನು ಹಿಮ್ಮೊಗವಾಗಿ ಹರಿಯಿಸಿ, ತಿಳಿಯಾಗುವವರೆಗೂ ತೊಳೆಯಬೇಕು. ನಲ್ಲಿಯ ಪೂರ್ಣ ರಭಸ ಬೇಡ. ಹಳೆಯ ಬೆಸುಗೆ ಬಿಟ್ಟೀತು. ಮತ್ತೆ ನೀರು ತುಂಬುವಾಗ ಹೀಟರಿನ ಕೊಳಾಯಿ ತೆರೆದಿರಲಿ, ಕಾರಿನ ಮೂತಿ ಏರಿನ ಕಡೆಗಿರಲಿ. ಒಳಗೆ ಸಿಕ್ಕಿಕೊಂಡ ಗಾಳಿ ಆಗ ಮೇಲಕ್ಕೆ ಬಂದು ಹೊರಬೀಳುತ್ತದೆ. ಒಂದು ಗುಳ್ಳೆ ಗಾಳಿ ದಾರಿಯಲ್ಲಿ ನಿಂತರೂ ನೀರು ಮುಂದೆ ಹೋಗದು.

ಇನ್ನೊಂದು ಎಚ್ಚರ. ರೇಡಿಯೇಟರಿನ ನೀರನ್ನು ರಾತ್ರಿ ಇಳಿಸಿಬಿಟ್ಟರೆ ಹೆಪ್ಪುಗಟ್ಟುವ ಭಯವಿಲ್ಲವೆಂದು ನಂಬುವವರಿದ್ದಾರೆ. ಹೀಟರಿನೊಳಗಿನ ನೀರು ಹಾಗೆ ಪೂರ್ತಿ ಇಳಿಯುವುದಿಲ್ಲ. ಅಲ್ಲಿಯೇ ಹೆಪ್ಪುಗಟ್ಟಿ ಅದನ್ನು ಸೀಳುತ್ತದೆ. ಹೆಪ್ಪುನಿರೋಧಕ ದ್ರವವನ್ನು ಬೆರೆಸುವುದೊಂದೇ ಪರಿಹಾರ. ಈ ದ್ರವ ಸಿಹಿಯಾದ ವಿಷ. ಮಕ್ಕಳಿಗೂ ನಾಯಿ ಬೆಕ್ಕುಗಳಿಗೂ ಸಿಗದಂತೆ ಇಡತಕ್ಕದ್ದು.

ಇನ್ನು ಗಾಳಿಯ ವಿಷಯ. ಹೀಟರಿನ ಬೀಸಣಿಗೆಯ ಮೋಟಾರು ಧೂಳು ತುಂಬಿ, ಎಣ್ಣೆ ಬತ್ತಿ ಸೋತಿರುತ್ತದೆ. ಶುಚಿಮಾಡಿ ಒಂದು ತೊಟ್ಟು ಎಣ್ಣೆ ಬಿಟ್ಟರೆ ಅನೇಕ ಸಲ ಅದೇ ಸಾಕು. ಹೊಸ ಕಾಲದ ಬಲವಾದ ಮೋಟಾರು ಹಾಕುವವರು ಒಂದು ವಿಷಯ ಗಮನಿಸಬೇಕು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬಹಳಷ್ಟಕ್ಕೆ ಬ್ಯಾಟರಿಯ ಧನ ತುದಿಯನ್ನು ಕಾರಿನ ಮೈಗೆ ಜೋಡಿಸಿರುತ್ತಾರೆ. ಇಂದಿನ ಕಾರುಗಳಲ್ಲಿ ಋಣ ತುದಿಯನ್ನು. ಕಾಯಂ ಅಯಸ್ಕಾಂತವಿರುವ ಇಂದಿನ ಮೋಟಾರು ಅಲ್ಲಿ ಹಿಂದುಮುಂದಾಗಿ ತಿರುಗುತ್ತದೆ. ಸದ್ದು ಬರುತ್ತದೆ, ಗಾಳಿ ಬಾರದು. ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಆದರೆ ಮೋಟಾರಿನ ಕವಚಕ್ಕೇ ಒಂದು ತುದಿ ಸೇರಿದ್ದರೆ ಅದನ್ನು ಬಳಸಲಾಗದು. ಗಾಜಿನ ಬುಡಕ್ಕೆ ಗಾಳಿ ಒಯ್ಯುವ ಸುರುಳಿ ಕೊಳವೆಗಳು ಹರಿದಿದ್ದರೆ ಬದಲಾಯಿಸಿರಿ. ಅವು ಹರಿದಿರುವುದು ಹೊರಗೆ ಕಾಣುವುದಿಲ್ಲ. ಬಿಸಿಗಾಳಿಯೆಲ್ಲ ಒಳಗೆಯೇ ಸೋರಿಹೋಗುತ್ತಿರುತ್ತದೆ.

ಗಾಜಿನ ಮಾತು ಬಂತು. ಹೀಟರೆಂದರೆ ಪಾದದ ಸುಖ ಮಾತ್ರವೆಂದು ತಿಳಿಯಬಾರದು. ಒಬ್ಬ ಮನುಷ್ಯನ ಉಸಿರು, ಮೈಗಳಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗುತ್ತದೆ. ನಾಲ್ವರು ಕುಳಿತರೆ 160 ಗ್ರಾಂ. ಪುಟ್ಟ ಕಾರಿನೊಳಗೆ ಇರುವುದು ಎರಡು ಮೂರು ಘನ ಮೀಟರು ಗಾಳಿ ಮಾತ್ರ. ಇಪ್ಪತ್ತು ಡಿಗ್ರಿಯ ಗಾಳಿ ಘನ ಮೀಟರಿಗೆ 17 ಗ್ರಾಂ ಆವಿಯನ್ನು ಹಿಡಿಯಬಲ್ಲುದು. ಸೊನ್ನೆ ಡಿಗ್ರಿಯದು ಐದನ್ನೂ ಹಿಡಿಯಲಾರದು. ಮಿಕ್ಕದ್ದೆಲ್ಲ ತಣ್ಣನೆಯ ಗಾಜಿನ ಮೇಲೆ ಮಂಜಾಗಿ ಕೂಡುತ್ತದೆ. ಮಳೆಗಾಲದಲ್ಲಿ ಆಗುಂಬೆ, ಮಡಿಕೇರಿಯ ಘಟ್ಟಗಳಲ್ಲಿ ಕಾರು ನಡೆಸಿದವರಿಗೆ ಇದರ ಅನುಭವವಿದೆ. ಹೊರಗಿನ ತಣ್ಣನೆಯ ಗಾಳಿಯನ್ನು ತಂದು ಕಾಯಿಸಿದರೆ ಅದು ಒಣಗಾಳಿಯಾಗಿ ಗಾಜಿನ ತೇವವನ್ನು ಹೀರುತ್ತದೆ. ಹಳೆಯ ಹೀಟರುಗಳಲ್ಲಿ ಹಲವು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವಂಥವು. ಅಂಥ ಕಾರಿನಲ್ಲಿ ಚಳಿಯಾದರೂ ಒಂದು ಕಿಟಕಿಯನ್ನು ಬೆರಳಗಲ ತೆರೆದಿಡುವುದೇ ಜಾಣತನ. ಕಾಣದ ರಸ್ತೆಯಲ್ಲಿ ಬೆಚ್ಚಗೆ ಕುಳಿತು ಪ್ರಯೋಜನವೇನು?

ಕೊನೆಯದಾಗಿ, ಎಲ್ಲಕ್ಕಿಂತ ಗಂಭೀರವಾದದ್ದು. ಪೆಡಲುಗಳೂ ತಂತಿಗಳೂ ಹಾಯ್ದುಬರುವ ತೂತುಗಳಲ್ಲಿನ ರಬ್ಬರು ಬಳೆಗಳು ಪುಡಿಯಾಗಿ, ಎಂಜಿನ್ನಿನ ಕಡೆಯ ಚಳಿಗಾಳಿ ನೇರ ಕಾಲಿಗೆ ಬಡಿಯುತ್ತದೆ. ಅದೇ ತೂತಿನಿಂದ ಹೊಗೆಯೂ ಬರಬಹುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಕವಿದು ಮನುಷ್ಯ ಮೇಲೇಳದೆ ಹೋಗಬಹುದು. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಯಜಮಾನರಿಗಂತೂ ಈ ಎಚ್ಚರ ಇಮ್ಮಡಿ ಬೇಕು. ಅದರ ಎಂಜಿನ್ನಿಗೆ ನೀರಿಲ್ಲ. ಹೊಗೆಕೊಳವೆಯ ಸುತ್ತ ಹಾಯ್ದ ಗಾಳಿಯೇ ಒಳಗೆ ಬಂದು ಬೆಚ್ಚಗೆ ಮಾಡುತ್ತದೆ. ಆ ಕೊಳವೆ ತುಕ್ಕು ತಿಂದು ತೂತಾದರೆ ವಿಷವೇ ಬೀಸಣಿಗೆಯೇರಿ ಬಂದಂತೆ. ಆದ್ದರಿಂದ ತೂತುಗಳನ್ನು ಮುಚ್ಚುವ ಕೆಲಸ ಶಾಖಕ್ಕಾಗಿ ಅಷ್ಟೇ ಅಲ್ಲ, ಪ್ರಾಣಕ್ಕಾಗಿ. ಹೊಗೆಕೊಳವೆಯ ಪರೀಕ್ಷೆ ಅದಕ್ಕೂ ಮೊದಲು ನಡೆಯಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಚಳಿ ಉಳಿದರೆ ದೊಡ್ಡ ಹೀಟರಿನ ಯೋಚನೆ ಮಾಡಬಹುದು. ಆಗಲೂ ಹಳೆಯ ತಗಡನ್ನು ಕತ್ತರಿಸದೆ, ಇರುವ ತೂತುಗಳಿಗೇ ಹೊಂದಿಸಿರಿ. ತೆಗೆದ ಭಾಗವನ್ನು ಜೋಪಾನವಾಗಿಡಿರಿ. ಮುಂದಿನ ಯಜಮಾನ ಬೇಕಾದರೆ ಕಾರನ್ನು ಹುಟ್ಟಿದ ರೂಪಕ್ಕೆ ತರುವಂತಿರಬೇಕು.

2018ರ ಮೇ ತಿಂಗಳಿನಿಂದ ಬ್ರಿಟನ್ನಿನಲ್ಲಿ, 40 ವರ್ಷ ಮೀರಿದ, ಹೆಚ್ಚಿನ ಬದಲಾವಣೆಗೊಳಗಾಗದ ಕಾರುಗಳಿಗೆ ವಾರ್ಷಿಕ ಪರೀಕ್ಷೆ ಕಡ್ಡಾಯವಲ್ಲ. ಇದು ಯಜಮಾನರಿಗೆ ಸಂತೋಷದ ಸುದ್ದಿಯೇ ಸರಿ. ಆದರೆ ಸರಕಾರದ ಕಣ್ಣು ತಪ್ಪಿದೆಡೆ ತನ್ನ ಕಣ್ಣು ಹೆಚ್ಚು ತೆರೆದಿರಬೇಕು. ಚಳಿಗಾಲಕ್ಕೆ ಮುಂಚೆ ಒಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಟ್ಟರೆ, ಹಿಂದಿನ ಸೀಟಿನಲ್ಲಿ ನಿದ್ರೆಹೋದ ಮಕ್ಕಳು ಬೆಚ್ಚಗೆ, ಕ್ಷೇಮವಾಗಿ ಮನೆ ಸೇರುತ್ತಾರೆ.