ಕ್ಲಬ್ ಬಿಟ್ಟವ ಗದ್ದಾರ್ ಅಲ್ಲ

1/7
ಫೋಟೋ: ವಾಡಿ ಜಂಕ್ಷನ್, ಬೆಳಿಗ್ಗೆ 6. ಟಿಫಿನ್ ಡಬ್ಬಿ ಹಿಡಿದು ಪ್ಲಾಟ್‌ಫಾರ್ಮ್ ಮ್ಯಾಗ ನಿಂತವರು.

ಮೊನ್ನೆ ಕ್ಲಾಸ್ ಗ್ರೂಪ್‌ನಾಗ ಜಗಳ ಆಯ್ತು. ನಿಮ್ಮಲ್ಲಿ ಅರ್ಧ ಜನ ಅದ್ರಾಗ ಇದ್ದೀರಿ. ನಾನು ಡಿಫೆಂಡರ್ ರಾಹುಲ್ ಭೇಕೆ ಫೋಟೋ ಹಾಕಿದ್ದೆ. ಕೆಳಗ ಬಂದ ಮೊದಲನೇ ಮೆಸೇಜ್: "ಗದ್ದಾರ್. ಆರು ಕ್ಲಬ್ ತಿರುಗಿದವ." ಎರಡನೇದು: "ರೊಕ್ಕ ಎಲ್ಲದೋ ಅಲ್ಲಿ ಇವ." ಅದಕ್ಕ ಸಾಲು ಸಾಲು ನಗೋ ಇಮೋಜಿ.

ಗ್ರೂಪ್‌ನಾಗ ಉತ್ತರ ಕೊಟ್ರ ಸಂಜಿ ಆಗೋದ್ರಾಗ ಗುಡ್ ಈವ್ನಿಂಗ್ ಮೆಸೇಜಿನ ಕೆಳಗ ಮುಚ್ಚಿ ಹೋಗ್ತದ. ಅದಕ್ಕ ಇಲ್ಲಿ ಬರೀಲತ್ತೀನಿ, ಏಳು ಪೋಸ್ಟ್. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಕಡೆಯ ದೋಸ್ತರು ಓದ್ರಿ. ಕೆಲಸದ ಜಾಗ ಬದಲಿಸಿದವನಿಗೆ ಗದ್ದಾರ್ ಅನ್ನೋ ಹಕ್ಕು ಬೇರೆ ಯಾರಿಗಾದ್ರೂ ಇರಬಹುದು. ನಮಗಂತೂ ಇಲ್ಲ. ಯಾಕಂತ ಆರನೇ ಪೋಸ್ಟಿನಾಗ ಹೇಳ್ತೀನಿ. ಮೊದಲು ಆಟದ ಲೆಕ್ಕ ಮುಗಿಸೋಣ.

2/7
ಫೋಟೋ: ನನ್ನ ನೋಟ್‌ಬುಕ್. ಕಾಸ್ಟ್ ಅಕೌಂಟಿಂಗ್ ಹಿಂದಿನ ಪುಟದಾಗ ಬರೆದ ಪಟ್ಟಿ.

ಭೇಕೆ 1990ರಲ್ಲಿ ಮುಂಬೈಯಲ್ಲಿ ಹುಟ್ಟಿದವ. ಆಡಿದ ದೊಡ್ಡ ಕ್ಲಬ್‌ಗಳು: ಮುಂಬೈ ಎಫ್‌ಸಿ, ಈಸ್ಟ್ ಬೆಂಗಾಲ್, 2015ರಲ್ಲಿ ಕೇರಳ ಬ್ಲಾಸ್ಟರ್ಸ್, 2016ರಲ್ಲಿ ಪುಣೆ ಸಿಟಿ, 2017ರಿಂದ ಬೆಂಗಳೂರು ಎಫ್‌ಸಿ, 2021ರಿಂದ ಮುಂಬೈ ಸಿಟಿ, 2024ರಲ್ಲಿ ಮತ್ತೆ ಬೆಂಗಳೂರು.

ಪಟ್ಟಿ ಉದ್ದ ಅದ, ಒಪ್ತೀನಿ. ಆದ್ರ ಅದನ್ನ ಉದ್ದ ಮಾಡಿದವರು ಯಾರು? 2014ರಿಂದ 2016ರ ತನಕ ಐಎಸ್‌ಎಲ್ ಅಂದ್ರ ವರ್ಷದ ಕೊನಿಗೆ ಎರಡ್ಮೂರು ತಿಂಗಳ ಹಬ್ಬ. ಅದು ಮುಗಿದ ಮ್ಯಾಲ ಐ-ಲೀಗ್. ಎರಡೂ ಬೇರೆ ಬೇರೆ ಟೈಮಿಗೆ ನಡೀತಿದ್ವು. ಹಿಂಗಾಗಿ ಒಬ್ಬನೇ ಆಟಗಾರ ಒಂದೇ ವರ್ಷದಾಗ ಇಲ್ಲೊಂದು ಜರ್ಸಿ, ಅಲ್ಲೊಂದು ಜರ್ಸಿ ಹಾಕ್ತಿದ್ದ. 2017-18ರಿಂದ ಎರಡೂ ಲೀಗ್ ಒಂದೇ ಟೈಮಿಗೆ ಶುರುವಾದ ಮ್ಯಾಲ ಈ ಪದ್ಧತಿ ನಿಂತಿತು. ಆಗ ಭೇಕೆ ಬೆಂಗಳೂರಿನಾಗ ನಾಲ್ಕು ಸೀಸನ್ ಉಳಿದ. ವ್ಯವಸ್ಥೆ ನಿಂತಾಗ ಅವನೂ ನಿಂತ. ಅದು ನಿಮ್ಮ ಮೀಮ್‌ನಾಗ ಬರಲೇ ಇಲ್ಲ.

ತೊಗರಿ ರಾಶಿ ಟೈಮಿಗೆ ಒಬ್ಬರ ಹೊಲ, ಉಳಿದ ತಿಂಗಳು ಇನ್ನೊಬ್ಬರ ಹೊಲ. ಹಂಗ ಹೋಗೋರಿಗೆ ನಾವು ಗದ್ದಾರ್ ಅಂತೀವೇನು?

3/7
ಫೋಟೋ: ಗೋಲ್‌ಪೋಸ್ಟ್. ಅಂದ್ರ ಎರಡು ಸಿಮೆಂಟ್ ಚೀಲ, ನಡುವ ನಮ್ಮ ಗೋಲ್‌ಕೀಪರ್.

ನಾವು ಬಿಕಾಂನವರು. ಪ್ರುಡೆನ್ಸ್ ಅಂತ ಓದೀವಿ: ಲಾಭ ಕೈಗೆ ಬಂದಾಗ ಬರೀ, ನಷ್ಟ ಬರೋ ಸುಳಿವು ಸಿಕ್ಕಾಗಲೇ ಬರೀ. ಫುಟ್‌ಬಾಲ್ ನೋಡೋವಾಗ ನಾವು ಇದನ್ನ ಉಲ್ಟಾ ಮಾಡ್ತೀವಿ. ಗೋಲ್ ಅಷ್ಟೇ ಬರ್ಕೊಂತೀವಿ. ಆಗದೇ ಹೋದ ಗೋಲಿಗೆ ನಮ್ಮ ಪುಸ್ತಕದಾಗ ಕಾಲಮ್ಮೇ ಇಲ್ಲ.

2019ರ ಸೆಪ್ಟೆಂಬರ್ 10, ದೋಹಾ. ಏಷ್ಯಾ ಚಾಂಪಿಯನ್ ಕತಾರ್ ವಿರುದ್ಧ ಭಾರತ 0-0. ಮರುದಿನ ಎಲ್ಲರ ಸ್ಟೇಟಸ್‌ನಾಗ ಗುರುಪ್ರೀತ್ ಸಂಧು. ಇರಲಿ, ಅವನು ಆಡಿದ್ದು ಅಂಥಾ ಆಟ. ಆದ್ರ ಅವತ್ತು ರೈಟ್ ಬ್ಯಾಕ್ ಯಾರು? ಭೇಕೆ. ಭಾರತದ ಜರ್ಸಿ ಅವನಿಗೆ ಸಿಕ್ಕಿದ್ದೇ ಅದೇ ವರ್ಷದ ಜೂನ್‌ನಲ್ಲಿ, ಥಾಯ್ಲೆಂಡಿನ ಕಿಂಗ್ಸ್ ಕಪ್‌ನಲ್ಲಿ, 28ನೇ ವಯಸ್ಸಿಗೆ. ಅಷ್ಟು ವರ್ಷ ಕಾದವನ ನಿಷ್ಠೆಗೆ ನಾವು ಸರ್ಟಿಫಿಕೇಟ್ ಕೊಡಬೇಕಾ?

ಗೋಲೇ ಬೇಕು ಅಂದ್ರ ಅದೂ ಅದ. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ಬೆಂಗಳೂರು ಐಎಸ್‌ಎಲ್ ಫೈನಲ್ ಸೋತಿತು, ಚೆನ್ನೈಯಿನ್‌ಗೆ 3-2. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ಮತ್ತೊಂದು ಫೈನಲ್. 90 ನಿಮಿಷ 0-0. ಎಕ್ಸ್‌ಟ್ರಾ ಟೈಮೂ ಮುಗೀಲಿಕ್ಕೆ ಬಂದಿತ್ತು. ಡಿಮಾಸ್ ಡೆಲ್ಗಾಡೊ ಕಾರ್ನರ್ ಹಾಕಿದ, ಒಬ್ಬ ಎದ್ದು ತಲಿ ಕೊಟ್ಟ. 1-0. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್. ಆ ತಲಿ ಭೇಕೆದು. ನೀವು ಗದ್ದಾರ್ ಅಂದವನದು.

4/7
ಫೋಟೋ: ಶಹಾಬಾದ್. ಹೊಗಿ ಬಿಡದ ಚಿಮಣಿ.

ಈಗ ಆ ಪಟ್ಟಿಯನ್ನ ಇನ್ನೊಂದು ಕಡೆಯಿಂದ ಓದ್ರಿ. ಭೇಕೆ ಆಡಿದ ಮುಂಬೈ ಎಫ್‌ಸಿ ಈಗ ಎಲ್ಲದ? ಇಲ್ಲ. 2017ರಲ್ಲಿ ಐ-ಲೀಗಿನ ತಳಕ್ಕೆ ಹೋಯ್ತು, ಬಾಗಿಲು ಹಾಕ್ತು. ಪುಣೆ ಸಿಟಿ? 2019ರಲ್ಲಿ ಬಂದ್. ಅದರ ಜಾಗಕ್ಕ ಹೈದರಾಬಾದ್ ಎಫ್‌ಸಿ ಬಂತು. ನಮಗ ರೈಲಿನ ದಾರಿಯಾಗ ಬೆಂಗಳೂರಿಗಿಂತ ಹತ್ತಿರದ ತಂಡ. 2022ರಲ್ಲಿ ಕಪ್ ಗೆದ್ದಾಗ ನಾವೂ ಕುಣಿದಿದ್ವಿ. 2025ರಲ್ಲಿ ಆ ತಂಡಾನೇ ಊರು ಬಿಟ್ಟು ದೆಹಲಿಗೆ ಹೋಯ್ತು, ಹೆಸರೂ ಬದಲಾಯ್ತು. ಒಂದು ಇಡೀ ಕ್ಲಬ್ ಊರು ಬಿಟ್ಟು ಹೋದ್ರ ಅದು 'ಬಿಸಿನೆಸ್'. ಒಬ್ಬ ಡಿಫೆಂಡರ್ ಕ್ಲಬ್ ಬಿಟ್ಟು ಹೋದ್ರ ಅದು 'ಗದ್ದಾರಿ'. ಈ ಡಿಕ್ಷನರಿ ಬರೆದವರು ಯಾರು?

ಇದು ಹೊಸಾದೂ ಅಲ್ಲ. ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿತು. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ 2011ರಲ್ಲಿ ಮುಚ್ಚಿತು. ಅಲ್ಲಿದ್ದ ಆಟಗಾರರಿಗೆ ಯಾರೂ ನಿಷ್ಠೆ ತೋರಿಸಲಿಲ್ಲ.

ನಮ್ಮ ಬೆಂಗಳೂರೇ ತಗೋರಿ. 2025ರ ಆಗಸ್ಟ್‌ನಲ್ಲಿ ಲೀಗ್ ನಡೀತದೋ ಇಲ್ಲೋ ಗೊತ್ತಿಲ್ಲದಾಗ, ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸ್ತೀವಿ ಅಂತ ಕ್ಲಬ್ ಪ್ರಕಟಣೆ ಕೊಟ್ಟಿತು. ಕ್ಲಬ್‌ಗೂ ತನ್ನ ಕಷ್ಟ ಇತ್ತು, ಟೂರ್ನಿನೇ ಇಲ್ಲ ಅಂದ್ರ ಆದಾಯ ಎಲ್ಲಿಂದ ಬರಬೇಕು? ಆ ಮಾತು ಒಪ್ಪೋಣ. ಮುಂದಿನ ತಿಂಗಳು, ಸೆಪ್ಟೆಂಬರ್ 8ಕ್ಕೆ, ತಜಿಕಿಸ್ತಾನದಲ್ಲಿ ಭಾರತ ಒಮಾನ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಕಾಫಾ ನೇಷನ್ಸ್ ಕಪ್‌ನಲ್ಲಿ ಮೂರನೇ ಸ್ಥಾನ ತಗೊಂಡಿತು. ಪೆನಾಲ್ಟಿ ಒಳಗ ಹಾಕಿದವರಲ್ಲಿ ಭೇಕೆ ಒಬ್ಬ, ಒಮಾನಿನ ಕೊನೇದನ್ನ ತಡೆದವ ಗುರುಪ್ರೀತ್. ಇಬ್ಬರೂ ಬೆಂಗಳೂರಿನವರೇ, ಸಂಬಳ ನಿಲ್ತದ ಅಂತ ಕೇಳಿಸ್ಕೊಂಡು ಹೋದವರೇ.

5/7
ಫೋಟೋ: ಬಿಸಿನೆಸ್ ಲಾ ಪುಸ್ತಕ. ಅಂಡರ್‌ಲೈನ್ ನಂದೇ.

ಪರೀಕ್ಷೆಗೆ ಬಾಯಿಪಾಠ ಮಾಡ್ತೀವಿ, ಆಮ್ಯಾಲ ಮರೀತೀವಿ. ಭಾರತೀಯ ಕರಾರು ಕಾಯ್ದೆ 1872, ಸೆಕ್ಷನ್ 27: ಒಬ್ಬ ಮನುಷ್ಯ ತನ್ನ ಕಾನೂನುಬದ್ಧ ವೃತ್ತಿ ಮಾಡದಂಗ ತಡೆಯೋ ಒಪ್ಪಂದ ಅಷ್ಟರ ಮಟ್ಟಿಗೆ ಅನೂರ್ಜಿತ. ಕರಾರು ನಡುವ ಮುರಿದು ಓಡಿದ್ರ ಪರಿಹಾರ ಕೊಡಬೇಕು, ಅದು ಬೇರೆ ವಿಷಯ. ಕರಾರು ಮುಗಿದ ಮ್ಯಾಲ ಎಲ್ಲಿ ದುಡೀಬೇಕು ಅನ್ನೋದು ದುಡಿಯೋನ ಇಷ್ಟ.

ಯುರೋಪಿನಾಗ ಇದನ್ನ ಒಬ್ಬ ಆಟಗಾರ ಕೋರ್ಟಿನ ತನಕ ಒಯ್ದ. ಬೆಲ್ಜಿಯಂನ ಜೀನ್-ಮಾರ್ಕ್ ಬೋಸ್ಮನ್. 1990ರಲ್ಲಿ ಲಿಯೇಜ್ ಕ್ಲಬ್ ಜೊತೆ ಅವನ ಕರಾರು ಮುಗಿದಿತ್ತು, ಫ್ರಾನ್ಸಿನ ಡನ್‌ಕರ್ಕ್ ಕ್ಲಬ್‌ಗೆ ಹೋಗಬೇಕು ಅಂದ, ಬಿಡಲಿಲ್ಲ. ಐದು ವರ್ಷ ಹೋರಾಡಿದ. 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಇವತ್ತು ನೀವು 'ಫ್ರೀ ಟ್ರಾನ್ಸ್‌ಫರ್' ಅಂತ ಸ್ಟೋರಿ ಹಾಕ್ತೀರಲ್ಲ, ಅದರ ಹಿಂದ ಆ ಮನುಷ್ಯನ ಐದು ವರ್ಷ ಅವ. ಅಷ್ಟರಾಗ ಅವನ ಆಟದ ವಯಸ್ಸೇ ಮುಗೀತು.

ಆಟಗಾರನ ದೇಹಕ್ಕ ಸವಕಳಿ ಇರ್ತದ, ಮಶೀನಿಗೆ ಇದ್ದಂಗ. ಮೂವತ್ತೈದು ದಾಟಿದ್ರ ಪುಸ್ತಕದಾಗ ಬೆಲೆನೇ ಉಳಿಯಂಗಿಲ್ಲ. ಅಂಥವನು ಸಿಕ್ಕಷ್ಟು ವರ್ಷದಾಗ ಮನಿ ಕಟ್ಟಬೇಕು, ಮಕ್ಕಳನ್ನ ಓದಿಸಬೇಕು. ನಾವು ಏರ್ ಕೂಲರ್ ಮುಂದ ಕುಂತು ನಿಷ್ಠೆ ಕೇಳ್ತೀವಿ.

6/7
ಫೋಟೋ: ನಮ್ಮಪ್ಪನ ಹಳೇ ಗೇಟ್ ಪಾಸ್‌ಗಳು. ಹೆಸರು, ಕಂಪನಿ ಮರೆಮಾಡೀನಿ.

ಈ ಪೋಸ್ಟ್ ಹಾಕಬೇಕೋ ಬ್ಯಾಡೋ ಅಂತ ಎರಡು ದಿನ ಕುಂತಿದ್ದೆ.

ನಮ್ಮಪ್ಪ ವೆಲ್ಡರ್. ಶಹಾಬಾದ್‌ನಾಗ ಶುರು. ಅಲ್ಲಿ ಕೆಲಸ ನಿಂತ ಮ್ಯಾಲ ವಾಡಿ. ಆಮ್ಯಾಲ ಮಳಖೇಡ, ಆಮ್ಯಾಲ ಸೇಡಂ. ಎಲ್ಲಿ ಶಟ್‌ಡೌನ್ ಅದ, ಎಲ್ಲಿ ಕಿಲ್ನ್ ರಿಪೇರಿ ಅದ, ಅಲ್ಲಿಗೆ. ಅವನ ಗೇಟ್ ಪಾಸ್ ಎಣಿಸಿದ್ರ ಭೇಕೆ ಕ್ಲಬ್‌ಗಿಂತ ಜಾಸ್ತಿ ಆಗ್ತಾವ.

2021ರಾಗ ಒಬ್ಬ ಕಾಂಟ್ರಾಕ್ಟರ್ ಮೂರು ತಿಂಗಳ ಪಗಾರ ಹಿಡಿದಿದ್ದ. ಅಪ್ಪ ಬ್ಯಾರೆ ಕಡೆ ಹೋದ, ದಿನಕ್ಕ ಅರವತ್ತು ರೂಪಾಯಿ ಜಾಸ್ತಿ ಅಂತ. ಬಾಕಿ ಕೇಳಲಿಕ್ಕೆ ತಿರುಗಿ ಹೋದಾಗ ಆ ಮನುಷ್ಯ ಗೇಟಿನ ಮುಂದ, ಎಲ್ಲರ ಎದುರು ಅಂದ ಮಾತು ಒಂದೇ: ಗದ್ದಾರ್. ಅಪ್ಪ ಮನಿಗೆ ಬಂದು ಊಟ ಮಾಡಲಿಲ್ಲ.

ಅದೇ ದಿನಗಳಲ್ಲಿ ಭೇಕೆ ಬೆಂಗಳೂರು ಬಿಟ್ಟು ಮುಂಬೈ ಸಿಟಿಗೆ ಸಹಿ ಹಾಕಿದ. ನನಗ ಹದಿನೈದು ವಯಸ್ಸು, ಕಣ್ಣೀರೇ ಬಂದಿತ್ತು. ಅವನ ಫೋಟೋ ಕೆಳಗ ಸಿಟ್ಟಿಗೆ ಬರೆದೆ: ಗದ್ದಾರ್. ಹೌದ್ರಿ, ನಾನೂ ಬರೆದೀನಿ.

ಅಪ್ಪ ಹಿಂದ ನಿಂತು ನೋಡಿದ. "ಯಾರಿಗಿ ಬರದಿ ಇದು?" ಅಂದ.
"ಒಬ್ಬ ಆಟಗಾರಗ. ಟೀಮ್ ಬಿಟ್ಟಾನ."
ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮ್ಯಾಲ ಕೇಳಿದ, "ಹೊಸಾ ಟೀಮಿನವರು ಪಗಾರ ಟೈಮಿಗೆ ಕೊಡ್ತಾರಂತೇನು?"

ಕಮೆಂಟ್ ಡಿಲೀಟ್ ಮಾಡಿದೆ. ಆವತ್ತಿನಿಂದ ಆ ಶಬ್ದ ನನ್ನ ಬಾಯಾಗ ಬಂದಿಲ್ಲ.

7/7
ಫೋಟೋ: ಚಿತ್ತಾಪುರ ಕಡೆಯ ಬಯಲು, ಸಂಜಿ. ಕಲ್ಲು ಆರಿಸ್ತಿರೋ ಹುಡುಗ್ರು.

ಅಭಿಮಾನಿಗೆ ನೋವಾಗಬಾರದು ಅಂತ ನಾನು ಹೇಳಂಗಿಲ್ಲ. ನೋವಾಗಬೇಕು, ಪ್ರೀತಿ ಇದ್ದಲ್ಲಿ ಆಗ್ತದ. ಆಟಗಾರ ಮೈ ಉಳಿಸ್ಕೊಂಡು ಆಡಿದ್ರ ಬೈರಿ. ತಪ್ಪು ಪಾಸ್‌ಗೆ ಬೈರಿ. ಕರಾರು ಮುರಿದ್ರ ಕೇಳ್ರಿ. ನಮಗ ಕೇಳೋ ಹಕ್ಕಿರೋದು ಆ ಜರ್ಸಿಯೊಳಗಿನ 90 ನಿಮಿಷದ ಲೆಕ್ಕ. ಜೀವಮಾನದ ಲೆಕ್ಕ ಅಲ್ಲ.

ಆ 90 ನಿಮಿಷದ ಲೆಕ್ಕ ಭೇಕೆ ಎಲ್ಲಾ ಕಡೆ ಕೊಟ್ಟಾನ. 2018ರ ಸೂಪರ್ ಕಪ್ ಫೈನಲ್‌ನಲ್ಲಿ ತನ್ನ ಹಳೇ ಈಸ್ಟ್ ಬೆಂಗಾಲ್ ವಿರುದ್ಧವೇ ಬೆಂಗಳೂರಿಗೆ ಗೋಲ್ ಹೊಡೆದ. 2022ರ ಏಪ್ರಿಲ್ 11ರಂದು ರಿಯಾದ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ವಿರುದ್ಧ ಮುಂಬೈ ಸಿಟಿ 2-1 ಗೆದ್ದಿತು. ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನಲ್ಲಿ ಭಾರತದ ಕ್ಲಬ್ಬೊಂದರ ಮೊದಲ ಗೆಲುವು. ಗೆಲುವಿನ ಹೆಡರ್ ಭೇಕೆದು, ಕಾರ್ನರ್ ಹಾಕಿದವ ಅಹ್ಮದ್ ಜಾಹೂ. 2019ರ ಫೈನಲ್‌ನಲ್ಲಿ ಗೋವಾ ಪರ ಆಡಿ ರೆಡ್ ಕಾರ್ಡ್ ತಗೊಂಡು ಹೊರಗ ಹೋದ ಅದೇ ಜಾಹೂ. ಅವತ್ತು ಎದುರಾಳಿ, ಇವತ್ತು ಜೊತೆಗಾರ. ಇಬ್ಬರೂ ಕ್ಲಬ್ ಬದಲಿಸಿರದಿದ್ರ ಆ ಗೋಲ್ ಇಲ್ಲ.

ಇನ್ನು ಎರಡು ವರ್ಷಕ್ಕ ನಾವೂ ಈ ಊರು ಬಿಡ್ತೀವಿ. ಕೆಲವರು ಹೈದರಾಬಾದ್, ಕೆಲವರು ಪುಣೆ, ಕೆಲವರು ಬೆಂಗಳೂರು. ಮೊದಲ ಕಂಪನಿ ಬಿಡ್ತೀವಿ, ಎರಡನೇದೂ ಬಿಡ್ತೀವಿ. ಆಗ ಲಿಂಕ್ಡ್‌ಇನ್‌ನಾಗ 'ಹೊಸ ಪ್ರಯಾಣ' ಅಂತ ಫೋಟೋ ಹಾಕ್ತೀವಿ, ನೀವೇ ಕೆಳಗ ಬಂದು ಕಂಗ್ರಾಟ್ಸ್ ಅಂತೀರಿ.

ನಿಷ್ಠೆ ಕೇಳಲೇಬೇಕು ಅಂದ್ರ ಬಾಗಿಲು ಹಾಕಿ ಹೋದವರನ್ನ ಕೇಳ್ರಿ. ಪಗಾರ ಹಿಡಿದವರನ್ನ ಕೇಳ್ರಿ.

ಕಮೆಂಟ್‌ನಾಗ ಒಂದೇ ಒಂದು ಬರೀರಿ: ನಿಮ್ಮ ಮನ್ಯಾಗ ದುಡಿಯೋರು ಇಲ್ಲಿ ತನಕ ಎಷ್ಟು ಕಡೆ ಕೆಲಸ ಬದಲಿಸ್ಯಾರ? ಬರೀ ಸಂಖ್ಯೆ ಹಾಕ್ರಿ, ಹೆಸರು ಬ್ಯಾಡ. ನಮ್ಮ ಮನಿದು ನಾನೇ ಮೊದಲು ಹಾಕ್ತೀನಿ: 9.

#ರಾಹುಲ್‌ಭೇಕೆ #ಡಿಫೆಂಡರ್ #ವಾಡಿಜಂಕ್ಷನ್ #ಸೇಡಂ #ಶಹಾಬಾದ್ #ಚಿತ್ತಾಪುರ #ಚಿಂಚೋಳಿ #ನಮ್ಮಕಲಬುರಗಿ