ಬಿದಿರಿನ ಗಳದಲ್ಲಿ ಲೈನ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲವೇ? ಟಿಸಿಯೊಳಗಿನ ಕಾಗದವನ್ನು ಕೇಳೋಣ

'ಮರ, ಬಿದಿರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಗಳ ಹಿಡಿದು ಲೈನ್ ಮೇಲಿನ ಕೊಂಬೆ ತಳ್ಳಿದರೆ ಏನೂ ಆಗುವುದಿಲ್ಲ' ಎಂಬ ನಂಬಿಕೆ ಹಳೆಯದು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕೊಂಬೆ ಬಿದ್ದು ಕರೆಂಟ್ ಹೋಗುವುದು ಮಾಮೂಲಿ; ಲೈನ್‌ಮನ್ ಬರುವುದು ತಡವಾದರೆ ಗಳಕ್ಕೆ ಕೈ ಹಾಕುವವರೂ ಇದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಜೀವ ತೆಗೆಯುವುದು ಉಳಿದರ್ಧ.

ಸತ್ಯದ ಭಾಗ ಊರಿನ ಟಿಸಿಯೊಳಗೇ ಇದೆ. 11,000 ವೋಲ್ಟ್ ಒಳಬಂದು ಮನೆಗೆ ಬೇಕಾದ 230 ವೋಲ್ಟ್ ಆಗಿ ಹೊರಡುವ ಈ ಟ್ರಾನ್ಸ್‌ಫಾರ್ಮರ್‌ನಲ್ಲಿ ತಂತಿ ಸುರುಳಿಗಳಿಗೆ ಸುತ್ತಿರುವುದು ಮರದ ತಿರುಳಿನಿಂದ ಮಾಡಿದ ಕ್ರಾಫ್ಟ್ ಕಾಗದ. ಕಾಗದದ ಸಣ್ಣ ರಂಧ್ರಗಳಲ್ಲಿ ಗಾಳಿ ಉಳಿದರೆ ಅಲ್ಲೇ ಕಿಡಿ ಹಾರುತ್ತದೆ. ಅದಕ್ಕೇ ಕಾಗದವನ್ನು ಚೆನ್ನಾಗಿ ಒಣಗಿಸಿ ಖನಿಜ ಎಣ್ಣೆಯಲ್ಲಿ ಮುಳುಗಿಸುತ್ತಾರೆ. ಗಾಳಿ ಒಂದು ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ತಡೆದರೆ, ಒಳ್ಳೆಯ ಎಣ್ಣೆ 10,000ಕ್ಕೂ ಹೆಚ್ಚು ತಡೆಯುತ್ತದೆ. ಎಣ್ಣೆ ಕುಡಿದ ಕಾಗದ ಅದಕ್ಕಿಂತಲೂ ಗಟ್ಟಿ. (ಈ ಟಿಸಿ ಆಯಿಲ್ ಮಂಡಿನೋವಿಗೆ ಮದ್ದು ಎನ್ನುವ ಇನ್ನೊಂದು ಮಾತಿದೆ. ಅದು ಮದ್ದಲ್ಲ, ಪೆಟ್ರೋಲಿಯಂ. ಹಚ್ಚಬೇಡಿ.)

ಆದರೆ ಇದೆಲ್ಲ ಕಾಗದ ಒಣಗಿರುವವರೆಗೆ ಮಾತ್ರ. ಹೊಸ ಟ್ರಾನ್ಸ್‌ಫಾರ್ಮರ್‌ನ ಕಾಗದದಲ್ಲಿ ನೀರಿನಂಶವನ್ನು ಶೇ. 0.5ರ ಆಸುಪಾಸಿಗೆ ಇಳಿಸಿರುತ್ತಾರೆ. ಕೆಲವು ಟಿಸಿಗಳ ಪಕ್ಕದಲ್ಲಿ ಪಾರದರ್ಶಕ ಡಬ್ಬಿಯೊಳಗೆ ನೀಲಿ ಹರಳು ಕಾಣುತ್ತದಲ್ಲ, ಅದು ಸಿಲಿಕಾ ಜೆಲ್. ಎಣ್ಣೆ ತಣಿದಾಗ ಒಳಸೇರುವ ಗಾಳಿಯ ತೇವ ಹೀರುವುದೇ ಅದರ ಕೆಲಸ. ಹೀರಿ ಹೀರಿ ಸಾಕಾದರೆ ಗುಲಾಬಿಗೆ ತಿರುಗುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಅದಕ್ಕೆ ಬಿಡುವೆಲ್ಲಿ?

ಗಳಕ್ಕೆ ಅಂಥ ಕಾವಲಿಲ್ಲ. ಕಾಗದ, ಮರ, ಬಿದಿರು ಎಲ್ಲದರಲ್ಲೂ ಇರುವುದು ನೀರನ್ನು ಎಳೆದುಕೊಳ್ಳುವ ಸೆಲ್ಯುಲೋಸ್. ಪೂರ್ತಿ ಒಣಗಿಸಿದ ಮರಕ್ಕೂ ನಾರು ತುಂಬ ನೀರು ಕುಡಿದ ಮರಕ್ಕೂ ವಿದ್ಯುತ್ ತಡೆಯುವ ಗುಣದಲ್ಲಿ ಸಾವಿರ ಕೋಟಿ ಪಟ್ಟಿನಷ್ಟು ಅಂತರ! ಮುಟ್ಟಿದರೆ ಒಣಗಿದಂತಿರುವ ಗಳದೊಳಗೂ ಆಷಾಢದಲ್ಲಿ ತೇವ ಇದ್ದೇ ಇರುತ್ತದೆ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ ಮೆತ್ತಿಕೊಂಡಿದ್ದರೆ ಇನ್ನೂ ಅಪಾಯ. ಈಗ ತೋಟಗಳಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಂತೂ ಒಣಗಿದ್ದರೂ ಕರೆಂಟ್ ಹರಿಸುತ್ತದೆ. ಹಗುರವಾಗಿದೆ ಎಂದು ಪ್ಲಾಸ್ಟಿಕ್ ಅಂದುಕೊಳ್ಳಬೇಡಿ.

ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಅದಾಗದಿದ್ದರಷ್ಟೇ ಒಣ ಮರದ ಕೋಲು, ಅದೂ 230 ವೋಲ್ಟಿಗೆ ಮಾತ್ರ. ಕಂಬದ ಲೈನಿಗೆ ಯಾವ ಕೋಲೂ ಬೇಡ. ದೂರ ನಿಂತು 1912ಕ್ಕೆ ಕರೆ ಮಾಡಿ. ಲೈನ್ ಪಕ್ಕದ ಅಡಿಕೆ ಮರಕ್ಕೆ ದೋಟಿ ಎತ್ತುವುದಿದ್ದರೆ ಮೆಸ್ಕಾಂನವರಿಂದ ಲೈನ್ ಆಫ್ ಮಾಡಿಸಿಯೇ ಎತ್ತಿ.