ಓಟವಿಲ್ಲದ ಆಯ್ಕೆ

ಆಪರೇಷನ್ ಸಿಂಧೂರದ ನಂತರ ಟೀವಿ ಚರ್ಚೆಗಳಲ್ಲಿ ಒಂದು ಮಾತು ಚಾಲ್ತಿಗೆ ಬಂದಿದೆ: ಯುದ್ಧವೆಲ್ಲ ಡ್ರೋನು, ಕ್ಷಿಪಣಿಗಳ ಪಾಲಾಯಿತು, ಇನ್ನು ಸೇನಾಧಿಕಾರಿ ಆಗುವವನು ಓಡಿ ಆಗಬೇಕಾದ್ದೇನು? ಸಿಯಾಚಿನ್‌ನ ಠಾಣ್ಯಗಳಿಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಡೆದೇ ಹೋಗುತ್ತಾರೆಂದು ಬಲ್ಲವರು ಈ ಮಾತಾಡಲಾರರು. ನನ್ನ ತಕರಾರು ಬೇರೆ. ಅಧಿಕಾರಿಯ ಆಯ್ಕೆಯಲ್ಲಿ ಓಟ ಈಗಲೂ ಇಲ್ಲ, ಇರಬೇಕು.

ಬೆಳಗಾವಿಯಲ್ಲಿ ಅಗ್ನಿವೀರರ ರ‍್ಯಾಲಿ ನಡೆದರೆ ಬೆಳಕು ಹರಿಯುವ ಮುಂಚೆಯೇ ಹುಡುಗರ ಸಾಲು ನಿಂತಿರುತ್ತದೆ. 1.6 ಕಿ.ಮೀ.ಯನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವನಿಗೆ ಪೂರ್ತಿ 60 ಅಂಕ. ತಡವಾದಂತೆ ಅಂಕ ಇಳಿಯುತ್ತದೆ, ಗಡುವು ಮೀರಿದರೆ ಊರಿನ ಬಸ್ಸು. ಇತ್ತ ಎನ್‌ಡಿಎ ಸೇರಿ ಅಧಿಕಾರಿಯಾಗಬಯಸುವವನು ಯುಪಿಎಸ್‌ಸಿ ಲಿಖಿತ ಪರೀಕ್ಷೆ ಗೆದ್ದು ಎಸ್‌ಎಸ್‌ಬಿಗೆ, ಅಂದರೆ ಸೇನಾ ಆಯ್ಕೆ ಮಂಡಳಿಗೆ, ಹೋಗುತ್ತಾನೆ. ಅಲ್ಲಿ ಐದು ದಿನ. ಮಸುಕು ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಹಲಗೆ-ಹಗ್ಗ ಕೊಟ್ಟು ಗುಂಪನ್ನು ಅಡೆತಡೆ ದಾಟಿಸಲು ಹೇಳುತ್ತಾರೆ. ಒಬ್ಬೊಬ್ಬರೇ 3 ನಿಮಿಷದಲ್ಲಿ 10 ಅಡೆತಡೆ ದಾಟುವ ಸರದಿಯೂ ಉಂಟು. ಓಟ ಮಾತ್ರ ಇಲ್ಲ. 15 ನಿಮಿಷದಲ್ಲಿ 2.4 ಕಿ.ಮೀ. ಓಡುವಷ್ಟು, 20 ಪುಷ್‌ಅಪ್ ಹೊಡೆಯುವಷ್ಟು ತಯಾರಾಗಿ ಬನ್ನಿ ಎಂದು ಅಧಿಸೂಚನೆ ಸಲಹೆ ಕೊಡುತ್ತದೆ, ಅಷ್ಟೇ. ಲೆಕ್ಕ ಹಾಕಿ ನೋಡಿ: ಆ ವೇಗದಲ್ಲಿ 1.6 ಕಿ.ಮೀ.ಗೆ 10 ನಿಮಿಷ ಬೇಕು.

ಇದನ್ನು ಸಮರ್ಥಿಸುವವರ ವಾದ ಹಗುರವಾದದ್ದಲ್ಲ. ಹದಿನೇಳರ ಹುಡುಗನ ಮೈಯನ್ನು ಖಡಕ್‌ವಾಸ್ಲಾದ ಮೂರು ವರ್ಷ, ಡೆಹ್ರಾಡೂನಿನ ಒಂದು ವರ್ಷದ ತರಬೇತಿ ಹುರಿಗೊಳಿಸಬಲ್ಲದು. ಇಕ್ಕಟ್ಟಿನಲ್ಲಿ ಸರಿಯಾದ ನಿರ್ಧಾರ ಮಾಡುವ ಬುದ್ಧಿಯನ್ನು ಹೊಸದಾಗಿ ತುಂಬಲಾಗದು. ಮೈದಾನವೇ ಇಲ್ಲದ ಊರಿನ ಜಾಣನನ್ನು ಓಟದ ಹೆಸರಲ್ಲಿ ಕಳೆದುಕೊಳ್ಳಬೇಕೆ? ಒಪ್ಪುತ್ತೇನೆ. ಆದರೆ ಈ ಔದಾರ್ಯ ಅಗ್ನಿವೀರನಿಗೆ ಯಾಕಿಲ್ಲ? ಅವನಿಗೂ ತರಬೇತಿ ಇದೆ, ಅವನ ಊರಿಗೂ ಮೈದಾನವಿಲ್ಲ, ಹೆದ್ದಾರಿಯ ಅಂಚಿನಲ್ಲೇ ಓಡಿ ಕಲಿತಿರುತ್ತಾನೆ. ಆಳಾಗುವವನನ್ನು ಸೆಕೆಂಡಿನಲ್ಲಿ ಅಳೆದು, ಅವನನ್ನು ಆಳುವವನಿಗೆ ಸಲಹೆ ಕೊಟ್ಟು ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಓಟ ಬೇಕೆನ್ನಲು ನನಗೆ ಮಾಂಸಖಂಡಕ್ಕಿಂತ ದೊಡ್ಡ ಕಾರಣ ಇಯಾನ್ ಕಾರ್ಡೋಜೊ. 1971ರ ಯುದ್ಧದಲ್ಲಿ ಗೂರ್ಖಾ ಪಡೆಯ ಈ ಮೇಜರ್ ನೆಲಬಾಂಬಿನ ಮೇಲೆ ಕಾಲಿಟ್ಟರು. ಛಿದ್ರವಾದ ಕಾಲನ್ನು ತಮ್ಮದೇ ಖುಕ್ರಿಯಿಂದ ಕತ್ತರಿಸಿಕೊಂಡರು. ಎಲ್ಲರೂ ಹೇಳುವ ಕಥೆ ಇಷ್ಟಕ್ಕೇ ನಿಲ್ಲುತ್ತದೆ. ನನಗೆ ಮುಖ್ಯ ಆಮೇಲಿನದು. ಕೃತಕ ಕಾಲಿನವರಿಗೆ ಬೆಟಾಲಿಯನ್ ಕೊಡುವುದುಂಟೆ ಎಂದು ಮೇಲಿನವರು ಹಿಂಜರಿದರು. ಕಾರ್ಡೋಜೊ ಕರುಣೆ ಕೇಳಲಿಲ್ಲ, ಪರೀಕ್ಷೆ ಕೇಳಿದರು. ಎರಡು ಕಾಲಿನ ಕೆಲವು ಅಧಿಕಾರಿಗಳನ್ನೇ ಹಿಂದೆ ಹಾಕಿ ಪಾಸಾದರು. ಆಗಿನ ಸೇನಾ ಮುಖ್ಯಸ್ಥ ರೈನಾ, ಕಾರ್ಡೋಜೊರನ್ನು ಲಡಾಖಿಗೆ ಕರೆದೊಯ್ದು, ಬೆಟ್ಟ-ಹಿಮದಲ್ಲಿ ನಡೆಯುವುದನ್ನು ಕಣ್ಣಾರೆ ನೋಡಿದರು. ಕಾರ್ಡೋಜೊ ಬೆಟಾಲಿಯನ್ ನಡೆಸಿದರು, ಮುಂದೆ ಬ್ರಿಗೇಡ್ ಕೂಡ. ಯುದ್ಧದಲ್ಲಿ ಅಂಗವಿಕಲರಾದ ಭಾರತೀಯ ಅಧಿಕಾರಿಗಳಲ್ಲಿ ಹೀಗೆ ಪಡೆ ನಡೆಸಿದ ಮೊದಲಿಗರು ಅವರೇ. ಬರೀ ಅಭಿಪ್ರಾಯಕ್ಕೆ ಬಿಟ್ಟಿದ್ದರೆ ಅವರು ಯಾವುದೋ ಕಚೇರಿಯ ಕಡತಗಳ ನಡುವೆ ನಿವೃತ್ತರಾಗುತ್ತಿದ್ದರು.

ಅಳತೆ ನಿರ್ದಯ ಎನ್ನುವವರು ಇದನ್ನು ಮರೆಯುತ್ತಾರೆ. ಸ್ಟಾಪ್‌ವಾಚಿಗೆ ಹುಡುಗನ ಅಪ್ಪ ಕರ್ನಲ್ಲೋ ಕೂಲಿಯೋ ಗೊತ್ತಾಗುವುದಿಲ್ಲ, ಅವನ ಮಾತಿನ ಠೀವಿಯೂ ಕೇಳಿಸುವುದಿಲ್ಲ. ಮೈದಾನವಿಲ್ಲದ ಊರಿನ ಆ ಜಾಣ ಹುಡುಗನಿಗಾಗಿ ಗಡುವನ್ನು ಬೇಕಿದ್ದರೆ ಸಲಹೆಯ ಮಟ್ಟದಲ್ಲೇ ಇಡಿ, ಸೋತವನಿಗೆ ಆರು ತಿಂಗಳು ಬಿಟ್ಟು ಇನ್ನೊಮ್ಮೆ ಓಡಲು ಬಿಡಿ. ಬೆಂಗಳೂರಿನ ಆಯ್ಕೆ ಕೇಂದ್ರದ ಐದು ದಿನಗಳ ವೇಳಾಪಟ್ಟಿಯಲ್ಲಿ 15 ನಿಮಿಷ ಸಿಗದೇ ಹೋಗದು.